ಮೂಲೆ ಸೈಟಿನ ಕಸ: ಸ್ಟೀಲ್ ತಟ್ಟೆ ನಾವೇ ಇಟ್ಟುಕೊಂಡರೆ ಹೇಗೆ?

ಮನೆ 31, 4ನೇ ಕ್ರಾಸ್ (ಮೂಲೆ ಸೈಟಿನ ಎದುರು)
ಬಡಾವಣೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ಮೂಲೆಯ ಖಾಲಿ ಸೈಟಿನ ಕಸದ ಫೋಟೊ ಇಲ್ಲಿ ನೋಡಿ ನೋಡಿ ನಿಮಗೆಲ್ಲ ಸಾಕಾಗಿದೆ, ಹಾಕಿ ಹಾಕಿ ನನಗೂ ಸಾಕಾಗಿದೆ. ಅದಕ್ಕೆ ಈ ಸಲ ಫೋಟೊ ಇಲ್ಲ. ಸೋಮವಾರ ಬೆಳಿಗ್ಗೆ ಪೌರಕಾರ್ಮಿಕರು ಬರುವ ಮೊದಲು ಗ್ಲೌಸ್ ಹಾಕಿಕೊಂಡು, ಒಂದು ಕೋಲು ಹಿಡಿದು ರಾಶಿಯನ್ನು ಕೆದಕಿ ನೋಡಿದೆ.

ನಾವು ಬಯ್ಯುವುದು ಬೈಕಿನಲ್ಲಿ ಬಂದು ಕವರ್ ಎಸೆದು ಹೋಗುವವರನ್ನು. ಅಂಥ ಕವರ್‌ಗಳೂ ಇದ್ದವು. ಆದರೆ ರಾಶಿಯ ಮುಕ್ಕಾಲು ಪಾಲು ಊಟದ ಸಾಮಾನು. ಬೆಳ್ಳಿ ಬಣ್ಣದ ಪೇಪರ್ ತಟ್ಟೆ, ಪೇಪರ್ ಲೋಟ, ಐಸ್‌ಕ್ರೀಂ ಕಪ್, ಒಂದೇ ಗುಟುಕು ಕುಡಿದು ಬಿಟ್ಟ ಪುಟಾಣಿ ನೀರಿನ ಬಾಟಲಿ. ಟೇಬಲ್ ಮೇಲೆ ಹಾಸುವ ಶೀಟನ್ನು ಹಾಗೇ ಸುರುಳಿ ಸುತ್ತಿ ಎಸೆದಿದ್ದಾರೆ. ಅದರೊಳಗೆ ಬಾಳೆ ಎಲೆ, ಅನ್ನ, ಅರ್ಧ ಹೋಳಿಗೆ ಎಲ್ಲ ಒಟ್ಟಿಗೆ. ಅಂದರೆ ಇದು ನಮ್ಮ ಬಡಾವಣೆಯದೇ ನಾಮಕರಣ, ಗೃಹಪ್ರವೇಶ, ಬರ್ತ್‌ಡೇ ಕಸ. ಇದಕ್ಕೆ ಸಿಸಿಟಿವಿ ಹಾಕಿಸಿ ಪ್ರಯೋಜನವಿಲ್ಲ. ಬಡಾವಣೆಗೆ ಅಂತ ಒಂದಷ್ಟು ಸ್ಟೀಲ್ ತಟ್ಟೆ, ಲೋಟ ಇಟ್ಟುಕೊಂಡು, ಬೇಕಾದವರು ಒಯ್ದು, ತೊಳೆದು ವಾಪಸ್ ಕೊಟ್ಟರೆ ಹೇಗೆ ಅಂತ ನನ್ನ ಯೋಚನೆ.

ಮನೆ 12, 3ನೇ ಕ್ರಾಸ್
ಭಾನುವಾರ ನಾಮಕರಣ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹೇಳುವುದಾದರೆ ನೇರವಾಗಿ ಹೇಳಿ.

ಮನೆ 31
ಸರ್, ಸಿಟ್ಟಾಗಬೇಡಿ. ರಾಶಿಯಲ್ಲಿ ಮೂರು ಬೇರೆ ಬೇರೆ ಥರದ ತಟ್ಟೆ ಇದ್ದವು. ರಿಟರ್ನ್ ಗಿಫ್ಟ್ ಚೀಲದ ಮೇಲೆ ಹೆಸರೂ ಇತ್ತು, ನಿಮ್ಮದಲ್ಲ. ಯಾರದು ಅಂತ ಇಲ್ಲಿ ಹಾಕುವುದಿಲ್ಲ.

ಮನೆ 12
ಸರಿ. ಆದರೂ ಒಂದು ಮಾತು. ನಾವು ಅಡುಗೆ ಕಾಂಟ್ರಾಕ್ಟರ್‌ಗೆ ಕ್ಲೀನಿಂಗ್ ಅಂತ ಬೇರೆ ದುಡ್ಡು ಕೊಟ್ಟಿದ್ದೇವೆ. ಅವನು ಕಸ ಎಲ್ಲಿ ಹಾಕುತ್ತಾನೆ ಅಂತ ನಾವು ಹಿಂದೆ ಹೋಗಿ ನೋಡಲು ಆಗುತ್ತದಾ?

ಮನೆ 58, 6ನೇ ಕ್ರಾಸ್ (ಕೇಟರಿಂಗ್ ನಮ್ಮದೇ)
ನನ್ನ ಕಸುಬಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಕೊನೆ ಪಂಕ್ತಿ ಏಳುವಾಗ ರಾತ್ರಿ ಹನ್ನೊಂದು. ಹುಡುಗರಿಗೆ ಬೆಳಿಗ್ಗೆ ಐದಕ್ಕೆ ಇನ್ನೊಂದು ಕಡೆ ತಿಂಡಿ. ಪಾತ್ರೆ ತೊಳೆಯುವವರು ಸಿಗುವುದೇ ಕಷ್ಟ, ಸಿಕ್ಕರೆ ಅವರ ಕೂಲಿ ಪೇಪರ್ ತಟ್ಟೆಗಿಂತ ಜಾಸ್ತಿ. ಕಲಸಿದ ಕಸವನ್ನು ಬೆಳಗಿನ ಆಟೊ ಟಿಪ್ಪರ್‌ನವರು ತೆಗೆದುಕೊಳ್ಳುವುದಿಲ್ಲ, ಅದು ಸರಿ ಕೂಡ. ವ್ಯಾನಿನಲ್ಲಿ ಇಟ್ಟುಕೊಂಡು ಹೋದರೆ ನಾಳೆ ಅದೇ ವ್ಯಾನಿನಲ್ಲಿ ಸಾಂಬಾರ್ ಕೊಳಗ ಇಡಬೇಕು. ಹಾಗಾಗಿ ಕತ್ತಲಲ್ಲಿ ಖಾಲಿ ಸೈಟು ಕಾಣುತ್ತದೆ. ತಪ್ಪು ಅಂತ ಎಲ್ಲರಿಗೂ ಗೊತ್ತು. ತಟ್ಟೆ ನೀವೇ ಕೊಟ್ಟು, ತೊಳೆಯುವ ಏರ್ಪಾಡೂ ನೀವೇ ಮಾಡಿದರೆ ಯಾವ ಕಾಂಟ್ರಾಕ್ಟರ್ ಬೇಡ ಅನ್ನುತ್ತಾನೆ ಹೇಳಿ?

ಮನೆ 7, ಮೊದಲ ಮಹಡಿ (ಬಾಡಿಗೆ)
ಪೇಪರ್ ತಟ್ಟೆ, ಪೇಪರ್ ಲೋಟ ಕೊಳೆಯುತ್ತೆ ಅಲ್ವಾ? ಪ್ಲಾಸ್ಟಿಕ್ ಬೇಡ ಅಂತ ತಾನೆ ಪೇಪರ್‌ದು ತರೋದು.

ಮನೆ 22, 5ನೇ ಕ್ರಾಸ್ (ತಾರಸಿ ತೋಟ)
ನಾನೂ ಹಾಗೇ ಅಂದುಕೊಂಡು ಗೊಬ್ಬರದ ಡ್ರಮ್ಮಿಗೆ ಟೀ ಕುಡಿದ ಪೇಪರ್ ಲೋಟ ಹಾಕಿ ನೋಡಿದ್ದೆ. ಗೊಬ್ಬರ ಜರಡಿ ಹಿಡಿಯುವಾಗ ಕಾಗದ ಪೂರ್ತಿ ಹೋಗಿತ್ತು, ಒಳಗಿನ ತೆಳ್ಳನೆ ಪ್ಲಾಸ್ಟಿಕ್ ಮಾತ್ರ ಲೋಟದ ಆಕಾರದಲ್ಲೇ ಉಳಿದಿತ್ತು, ಹಾವಿನ ಪೊರೆ ಥರ. ಟೀ ಸೋರದೆ ಇರಲಿ ಅಂತ ಒಳಗೆ ಆ ಲೇಪ ಕೊಟ್ಟಿರುತ್ತಾರೆ. ಗೊಬ್ಬರಕ್ಕೂ ಆಗಲ್ಲ, ಅಂಟಿಕೊಂಡಿರುವುದರಿಂದ ಹಳೆ ಪೇಪರ್ ಜೊತೆಗೂ ಹೋಗಲ್ಲ. ಬೆಳ್ಳಿ ತಟ್ಟೆಯ ಕಥೆಯೂ ಅಷ್ಟೇ. ನಮ್ಮ ಒಣ ಕಸ ಕೇಂದ್ರದಲ್ಲಿ ವಿಂಗಡಿಸುವ ಅಮ್ಮ ಒಮ್ಮೆ ಹೇಳಿದರು, ‘ಸಾರು ಮೆತ್ತಿದ ತಟ್ಟೆ ತಂದು ಕೊಟ್ಟರೆ ನಮಗೆ ಒಂದು ಪೈಸೆ ಇಲ್ಲ, ವಾಸನೆ ಮಾತ್ರ.’

ಸಂಘದ ಕಾರ್ಯದರ್ಶಿ
ಕಾನೂನಿನ ವಿಷಯ ಸ್ವಲ್ಪ. 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ಎಲ್ಲ ನಿಷೇಧ ಆಗಿದೆ. ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಶೀಟು ಕೂಡ ಆ ಪಟ್ಟಿಯಲ್ಲಿ ಇದೆ. ಮತ್ತೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳ ನಿಷೇಧ ಬಂತು. 2016ರ ಘನ ತ್ಯಾಜ್ಯ ನಿಯಮಗಳಲ್ಲಿ ಇನ್ನೊಂದು ಮಾತು ಇತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರು ಜನಕ್ಕಿಂತ ಜಾಸ್ತಿ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಬೇಕು, ಕಸ ಬೇರೆ ಮಾಡಿಸಬೇಕು. ನಮ್ಮಲ್ಲಿ ರಸ್ತೆಗೆ ಶಾಮಿಯಾನ ಹಾಕುವವರು ಯಾರಾದರೂ ತಿಳಿಸಿದ್ದು ನನಗೆ ನೆನಪಿಲ್ಲ!

ದಂಡ ಹಾಕಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ. ಬೇರೆ ದಾರಿಯೂ ಫಲಿಸಲಿಲ್ಲ. ಸೈಟಿನ ಮುಂದೆ ರಂಗೋಲಿ ಬಿಡಿಸಿ ಗಿಡ ಇಟ್ಟೆವಲ್ಲ, ರಂಗೋಲಿ ಮೇಲೇ ಕಸ ಬಿತ್ತು, ಕುಂಡಗಳು ಕಾಣೆಯಾದವು.

ಮನೆ 3, 1ನೇ ಕ್ರಾಸ್ (ನಿವೃತ್ತ ಮೇಷ್ಟ್ರು)
ಸೈಟಿನಿಂದ ತೆಗೆದ ಕಸ ಎಲ್ಲಿಗೆ ಹೋಗುತ್ತದೆ ಅಂತಲೂ ಸ್ವಲ್ಪ ನೆನಪಿಸಿಕೊಳ್ಳಿ. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಜಾಗ ಮುಚ್ಚಿದಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಬೆಟ್ಟ ಬೆಳೆಯಿತು. ಆ ಅಕ್ಟೋಬರ್‌ನಿಂದಲೇ ಮನೆಯಲ್ಲಿ ಕಸ ಬೇರೆ ಮಾಡಿ ಅಂತ ಕಡ್ಡಾಯ ಮಾಡಿದ್ದು. ಆಮೇಲೆ ಕಸ ಮಂಡೂರಿಗೆ ಹೋಯಿತು. ಆ ಊರಿನವರು ಲಾರಿ ತಡೆದು ಕೂತ ಮೇಲೆ 2014ರ ಕೊನೆಯಲ್ಲಿ ಅದೂ ನಿಂತಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್‌ನಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಅಂತ ಹೈಕೋರ್ಟ್ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ದಿನದ ಕಸವನ್ನು ನಾವು ಬೇರೆ ಮಾಡಲು ಕಲಿತೆವು, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಒಂದು ಸಮಾರಂಭ ಬಂತು ಅಂದರೆ ಅವತ್ತು ಎಲ್ಲಕ್ಕೂ ರಜೆ. ಆ ಕಸದಿಂದ ಇಳಿಯುವ ಕೊಳಚೆ ನೀರಿನ ಪಕ್ಕ ಯಾವುದೋ ಊರಿನ ಮಕ್ಕಳು ಬೆಳೆಯಬೇಕು.

ಇನ್ನೊಂದು. 2015ರಲ್ಲಿ ಕೇರಳದಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಎಸೆಯುವ ತಟ್ಟೆ ಲೋಟ ಬಿಟ್ಟು ತೊಳೆದು ಬಳಸುವುದನ್ನೇ ಇಟ್ಟಿದ್ದರು. ಆಮೇಲೆ ಅಲ್ಲಿನ ಮದುವೆಗಳಿಗೂ ಅದು ಹಬ್ಬಿತು. ಅಷ್ಟು ದೊಡ್ಡ ಕೂಟಕ್ಕೆ ಆಗಿದ್ದು ನಮ್ಮ ಐವತ್ತು ಜನದ ಸೀಮಂತಕ್ಕೆ ಆಗಲ್ವಾ?

ಮನೆ 40, 5ನೇ ಕ್ರಾಸ್
ಬಾಳೆ ಎಲೆ ಇರುವಾಗ ಸ್ಟೀಲ್ ಯಾಕೆ? ಇಲ್ಲ ಅಂದರೆ ಅಡಿಕೆ ಹಾಳೆ ತಟ್ಟೆ. ತೊಳೆಯುವ ತಲೆನೋವೇ ಇಲ್ಲ.

ಮನೆ 22
ಬಾಳೆ ಎಲೆಗೆ ನನ್ನ ಓಟು ಇದೆ. ಹಸಿ ಕಸಕ್ಕೆ ಹಾಕಿದರೆ ಮುಗಿಯಿತು. ತೊಂದರೆ ಎಲೆಯದಲ್ಲ, ಎಲೆ ಜೊತೆ ಇಡುವ ಬಾಟಲಿ, ಪಾಯಸದ ಕಪ್, ಐಸ್‌ಕ್ರೀಂ ಚಮಚದ್ದು. ಎಲ್ಲ ಒಟ್ಟಿಗೆ ಮಡಚಿ ಎಸೆದರೆ ಎಲೆಯೂ ಕೆಟ್ಟಿತು. ಆಮೇಲೆ ಹಸು ಬಂದು ಎಲೆ ಜೊತೆ ಶೀಟನ್ನೂ ತಿನ್ನುತ್ತದೆ. ಕೂತು ಉಣ್ಣುವ ಊಟಕ್ಕೆ ಎಲೆ, ಸ್ಟೀಲ್ ಲೋಟ. ನಿಂತು ತಿನ್ನುವ ಬಫೆಗೆ ಸ್ಟೀಲ್ ತಟ್ಟೆ. ಅಡಿಕೆ ಹಾಳೆ ಒಳ್ಳೆಯದೇ, ಆದರೆ ಅದರ ರೇಟಿಗೆ ಜನ ಮತ್ತೆ ಬೆಳ್ಳಿ ತಟ್ಟೆಗೇ ಹೋಗುತ್ತಾರೆ.

ಮನೆ 17, 2ನೇ ಕ್ರಾಸ್
ಗುಡ್ ಮಾರ್ನಿಂಗ್ 🌹🌹

ಸಂಘದ ಕಾರ್ಯದರ್ಶಿ
ಅಣ್ಣಾ, ದಯವಿಟ್ಟು. ಚರ್ಚೆ ನಡೀತಿದೆ.

ಮನೆ 9, 2ನೇ ಕ್ರಾಸ್
ಹೇಳಲು ಸ್ವಲ್ಪ ಸಂಕೋಚ. ಈ ತಟ್ಟೆಗಳನ್ನು ನಾನ್‌ವೆಜ್ ಊಟಕ್ಕೂ ಕೊಡುತ್ತೀರಾ? ನಮ್ಮ ಮನೆಯಲ್ಲಿ ಹಿರಿಯರಿದ್ದಾರೆ, ಒಪ್ಪುವುದಿಲ್ಲ. ಎರಡು ಸೆಟ್ ಮಾಡಬಹುದಾ?

ಮನೆ 44, 6ನೇ ಕ್ರಾಸ್
ಹೋಟೆಲಿನಲ್ಲಿ ದೋಸೆ ತಿನ್ನುವಾಗ ತಟ್ಟೆಯ ಜಾತಕ ಕೇಳ್ತೀರಾ? ನಮ್ಮ ಮನೆ ಬೀಗರ ಊಟಕ್ಕೆ ಬಂದು ಹೊಗಳಿ ಹೋದವರು ಈ ಗುಂಪಿನಲ್ಲೇ ಎಷ್ಟು ಜನ ಇದ್ದಾರೆ, ಹೆಸರು ಹೇಳಲಾ?

ಮನೆ 31
ಎರಡು ಸೆಟ್ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಸಲ ಗೆರೆ ಎಳೆದರೆ ನಾಳೆ ಇನ್ನೊಂದು ಗೆರೆ ಬರುತ್ತದೆ. ಬಿಸಿ ನೀರಿನಲ್ಲಿ ತೊಳೆದ ಸ್ಟೀಲ್ ತಟ್ಟೆ ಯಾರದೂ ಅಲ್ಲ. ಮನಸ್ಸು ಒಪ್ಪದವರು ಬಾಳೆ ಎಲೆ ಹಾಕಲಿ, ಅದರಿಂದಲೂ ಸೈಟಿಗೆ ಒಳ್ಳೆಯದೇ.

ಮನೆ 26, 4ನೇ ಕ್ರಾಸ್
ಎಲ್ಲ ಸರಿ. ಕೊನೆಗೆ ತೊಳೆಯೋದು ಯಾರು? ಈ ಪ್ರಶ್ನೆಯನ್ನು ಇಲ್ಲಿವರೆಗೆ ಒಬ್ಬ ಗಂಡಸೂ ಕೇಳಿಲ್ಲ ಅನ್ನುವುದನ್ನು ಗಮನಿಸಿ. ಸಮಾರಂಭ ಮುಗಿದ ಮೇಲೆ ಮನೆ ಹೆಂಗಸರು ಸಿಂಕ್ ಮುಂದೆ ನಿಲ್ಲಬೇಕು, ಇಲ್ಲ ಅಂದರೆ ಕೆಲಸಕ್ಕೆ ಬರುವಾಕೆಗೆ ‘ಸ್ವಲ್ಪ ತಟ್ಟೆ ಜಾಸ್ತಿ ಇದೆ ಕಣಮ್ಮ’ ಅಂತ ತಲೆಗೆ ಕಟ್ಟಬೇಕು. ಹಾಗಾದರೆ ನನ್ನ ವಿರೋಧ ಇದೆ. ಮತ್ತೆ ನೀರು? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದಿದ್ದು ಇಷ್ಟು ಬೇಗ ಮರೆತುಹೋಯ್ತಾ?

ಮನೆ 58 (ಕೇಟರಿಂಗ್)
ನಿಮ್ಮ ಎರಡೂ ಪ್ರಶ್ನೆ ಸರಿ. ನೀರಿನದು ಹೇಳುತ್ತೇನೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಟ್ಯಾಂಕ್ ಖಾಲಿಯಾಗುತ್ತದೆ. ನಮ್ಮ ಹುಡುಗರು ಟಬ್‌ನಲ್ಲಿ ಮಾಡುತ್ತಾರೆ. ಮೊದಲು ತಟ್ಟೆಯನ್ನು ಬಡಿದು, ಒರೆಸಿ ಹಸಿ ಕಸಕ್ಕೆ. ಇದು ಸರಿಯಾಗಿ ಆದರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಸೋಪಿನ ಟಬ್, ಆಮೇಲೆ ಎರಡು ಟಬ್ ಬರೀ ನೀರು. ಕೊನೆ ಟಬ್ಬಿಗೆ ಬಿಸಿ ನೀರು. ಮೊದಲ ಟಬ್ ಕೊಳೆಯಾದರೆ ಅದನ್ನು ಚೆಲ್ಲಿ, ಎರಡನೆಯದನ್ನು ಅದರ ಜಾಗಕ್ಕೆ ತರಬೇಕು. ತೊಳೆದ ಮೇಲೆ ಕವುಚಿ ಇಡಿ, ಒದ್ದೆ ಇರುವಾಗ ಒಂದರ ಮೇಲೊಂದು ಜೋಡಿಸಿದರೆ ನಾಳೆ ವಾಸನೆ. ಟಬ್ ನನ್ನ ಹತ್ತಿರ ಇವೆ, ಕೊಡುತ್ತೇನೆ.

ಮನೆ 26
ಮತ್ತೆ ತೊಳೆಯುವವರು?

ಸಂಘದ ಕಾರ್ಯದರ್ಶಿ
ಕೂಲಿ ಮೊದಲೇ ಗೊತ್ತು ಮಾಡೋಣ. ತಟ್ಟೆ ಲೋಟ ಸೇರಿ ಒಂದು ಜೊತೆಗೆ ಮೂರು ರೂಪಾಯಿ. ತಟ್ಟೆ ಒಯ್ಯುವವರು ಅದನ್ನು ಒಯ್ಯುವಾಗಲೇ ಕೊಡಬೇಕು, ತೊಳೆದವರ ಕೈಗೆ ಅವತ್ತೇ ಹೋಗಬೇಕು. ನಮ್ಮಲ್ಲಿ ಮನೆ ಕೆಲಸಕ್ಕೆ ಬರುವ ಇಬ್ಬರನ್ನು ಕೇಳಿದೆ. ಮಧ್ಯಾಹ್ನದ್ದಾದರೆ ಸಂಜೆ ಮಾಡುತ್ತೇವೆ, ರಾತ್ರಿ ಊಟದ್ದಾದರೆ ಮರುದಿನ ಬೆಳಿಗ್ಗೆ ಅಂದರು. ಒರೆಸಿ ಇಡದ ತಟ್ಟೆ ಮುಟ್ಟುವುದಿಲ್ಲ ಅಂತಲೂ ಹೇಳಿದರು. ಅದು ಪೂರ್ತಿ ನ್ಯಾಯ.

ಮನೆ 7
ಊರಲ್ಲಿ ಈಗಾಗಲೇ ಇಂಥದ್ದು ಇಲ್ವಾ? ಅಲ್ಲಿಂದಲೇ ತರಬಹುದಲ್ಲ.

ಸಂಘದ ಕಾರ್ಯದರ್ಶಿ
ಇದೆ. ಗವಿಪುರಂ ಗುಟ್ಟಹಳ್ಳಿ ಕಡೆ ಅದಮ್ಯ ಚೇತನ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ (ಸಮಾರಂಭಕ್ಕೆ ಸ್ಟೀಲ್ ತಟ್ಟೆ ಲೋಟ ಒಯ್ದು ವಾಪಸ್ ಕೊಡುವ ಜಾಗ) ಹೆಸರುವಾಸಿ. ದೊಡ್ಡ ಮದುವೆಗೆ ಅದೇ ಸರಿ. ಆದರೆ ನಲವತ್ತು ತಟ್ಟೆಗೆ ನಮ್ಮ ಕಡೆಯಿಂದ ಆ ಟ್ರಾಫಿಕ್ಕಿನಲ್ಲಿ ಹೋಗಿ ಬರುವುದಕ್ಕೆ ಯಾರೂ ಹೊರಡುವುದಿಲ್ಲ. ಕೆಳಗಿನ ಅಂಗಡಿಯಲ್ಲಿ ಪೇಪರ್ ತಟ್ಟೆ ಸಿಗುತ್ತದೆ ನೋಡಿ. ಅದಕ್ಕಿಂತ ಹತ್ತಿರ ಇರಬೇಕು ನಮ್ಮದು.

ಮನೆ 15, 3ನೇ ಕ್ರಾಸ್ (ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಟೈಪ್ ಮಾಡಿದ್ದು)
ತಟ್ಟೆ ಕೊಳ್ಳಲು ಹೋಗಬೇಡಿ. ಎಲ್ಲರ ಮನೆ ಅಟ್ಟದ ಮೇಲೂ ಇವೆ. ಮದುವೆಗೆ ಬಂದದ್ದು, ಮುಯ್ಯಿಗೆ ಬಂದದ್ದು, ಹಳೇ ಸೀರೆ ಪ್ಯಾಂಟು ಕೊಟ್ಟು ಪಾತ್ರೆಯವಳ ಹತ್ತಿರ ಚೌಕಾಸಿ ಮಾಡಿ ತಗೊಂಡದ್ದು. ನಮ್ಮಲ್ಲೇ ಹನ್ನೆರಡು ಇವೆ, ಕವರ್ ಸಹ ಬಿಚ್ಚಿಲ್ಲ. ಕೊಡುತ್ತೇನೆ. ಆದರೆ ಮೊದಲು ಹೆಸರು ಕೆತ್ತಿಸಿ. ಹೆಸರಿಲ್ಲದ ಪಾತ್ರೆ ಸಮಾರಂಭದ ಮನೆಯಿಂದ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ.

ಮನೆ 12
ಪಾತ್ರೆ ಅಂಗಡಿಯಲ್ಲಿ ಕೆತ್ತುವ ಮೆಷಿನ್ ಇದೆ. ಕೆತ್ತಿಸುವ ಖರ್ಚು ನನ್ನದು. ನಾಮಕರಣದ ಲೆಕ್ಕಕ್ಕೆ ಹಾಕಿಕೊಳ್ಳಿ 🙂

ಮನೆ 44
ನಮ್ಮ ಗ್ಯಾರೇಜಿನಲ್ಲಿ ಗೋದ್ರೆಜ್ ಬೀರು ಖಾಲಿ ಇದೆ. ಅಲ್ಲೇ ಇಡಿ. ಮನೆ 9ರವರೂ ಬಂದು ನೋಡಬಹುದು, ಬೀರು ಶುದ್ಧ ಸಸ್ಯಾಹಾರಿ.

ಮನೆ 9
😄 ಆರು ತಟ್ಟೆ, ಹತ್ತು ಲೋಟ ನಮ್ಮ ಕಡೆಯಿಂದ.

ಮನೆ 19, 3ನೇ ಕ್ರಾಸ್
ಇದೇ ಥರ ಹಳೇ ಮಿಕ್ಸಿ ರಿಪೇರಿ, ಮಕ್ಕಳ ಪುಸ್ತಕ, ಯೂನಿಫಾರಂ ಬದಲಾಯಿಸಿಕೊಳ್ಳುವುದನ್ನೂ ಶುರು ಮಾಡಬಹುದಲ್ವಾ?

ಸಂಘದ ಕಾರ್ಯದರ್ಶಿ
ಮಾಡಬಹುದು. ಮೊದಲು ತಟ್ಟೆ ನೆಟ್ಟಗಾಗಲಿ. ಎಲ್ಲ ಒಟ್ಟಿಗೆ ಹಿಡಿದು ಯಾವುದೂ ಆಗದ ಸಂಘಗಳನ್ನು ನೋಡಿದ್ದೇನೆ.

ಇವತ್ತಿಗೆ ಇಷ್ಟು ತೀರ್ಮಾನ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆ 44ರ ಗ್ಯಾರೇಜಿಗೆ ತಟ್ಟೆ ಲೋಟ ತನ್ನಿ. ಅಂಚಿರುವ ಊಟದ ತಟ್ಟೆಯೇ ಬೇಕು, ಗಾತ್ರ ಹೆಚ್ಚು ಕಡಿಮೆ ಆದರೆ ಜೋಡಿಸಲು ಆಗುವುದಿಲ್ಲ. ಮೆಲಮೈನ್, ಗಾಜು ಬೇಡ. ಬಾಡಿಗೆ ಇಲ್ಲ, ಒಂದು ಸಾವಿರ ಡಿಪಾಸಿಟ್. ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಕಳೆದುಹೋದ ತಟ್ಟೆಗೆ ದುಡ್ಡಲ್ಲ, ತಟ್ಟೆಯನ್ನೇ ತಂದುಕೊಡಬೇಕು. ನೀರಿಗೆ ಬಾಟಲಿ ಬದಲು ಕ್ಯಾನ್, ಲೋಟ. ಕಾಂಟ್ರಾಕ್ಟರ್ ಹಿಡಿಯುವವರು ‘ತಟ್ಟೆ ನಮ್ಮದು, ರೇಟಿನಲ್ಲಿ ಕಳೆಯಿರಿ’ ಅಂತ ಮೊದಲೇ ಮಾತಾಡಿಕೊಳ್ಳಿ. ಸೈಟಿನ ಮಾಲೀಕರಿಗೆ ಬೇಲಿ ಹಾಕಿಸಲು ಇನ್ನೊಂದು ಪತ್ರ ನಾನು ಬರೆಯುತ್ತೇನೆ, ಯಾಕೆಂದರೆ ಬೈಕಿನವರು ಇದ್ದೇ ಇರುತ್ತಾರೆ.

ಮನೆ 26
ತಟ್ಟೆ ಎಣಿಸುವ ಡ್ಯೂಟಿ ಗಂಡಸರಿಗೆ ಅಂತಲೂ ಬರೆಯಿರಿ.

ಸಂಘದ ಕಾರ್ಯದರ್ಶಿ
ಬರೆದೆ. ಮೊದಲ ತಿಂಗಳು ನಾನು ಮತ್ತು ಮನೆ 31.

ಮನೆ 15 (ಮೊಮ್ಮಗಳು)
ಅಜ್ಜಿ ಕೇಳುತ್ತಿದ್ದಾರೆ, ಮುಂದಿನ ಶುಕ್ರವಾರ ತಾತನ ತಿಥಿ, ಊಟಕ್ಕೆ ಎಲೆ ಹಾಕುತ್ತೇವೆ, ಮೂವತ್ತೈದು ಲೋಟ ಮಾತ್ರ ಬೇಕು. ಅಷ್ಟರೊಳಗೆ ಸಿಗುತ್ತದಾ?

ಮನೆ 31
ಭಾನುವಾರ ಬಂದ ಲೋಟ ಎಣಿಸಿ ಹೇಳುತ್ತೇನೆ. ಸಾಲದಿದ್ದರೆ ನಮ್ಮ ಮನೆಯದು ಸೇರಿಸಿ ಕೊಡುತ್ತೇನೆ.