ತುರ್ತು: ಅರೋರಾಗೆ, ಸೂರ್ಯ ಹುಟ್ಟದ ಚಳಿಗಾಲಕ್ಕೆ ಮಕ್ಕಳ ಬಾಯಿಗೆ ಬರುವ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಮಡಿಕೇರಿ ಹತ್ತಿರ ಒಂದು ಸಣ್ಣ ಶಾಲೆಯಲ್ಲಿ ಯುಕೆಜಿ ಮಕ್ಕಳ ಜೊತೆ ಇರುತ್ತೇನೆ. ಶನಿವಾರ ಮನೆಯವರು ಬಂದು ನೋಡುವ ದಿನ. ಈ ಸಲ ನಮ್ಮ ಪಾಲಿಗೆ ಬಂದಿರುವುದು ಭೂಮಿಯ ತುದಿಯ ಚಳಿಗಾಲ. ಒಂದು ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಮಾಡಿದ್ದೇವೆ. ಒಳಗೆ ಎರಡು ಆಟ. ಎರಡಕ್ಕೂ ಬೋರ್ಡ್ ಬೇಕು. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆ ಐದರೊಳಗೆ ಬರಹ ಕೊಡಿ, ಆಮೇಲೆ ಫೋನ್ ಮಾಡಬೇಡಿ ಅಂದಿದ್ದಾರೆ.

ಮೊದಲ ಆಟ ಕಿತ್ತಳೆಯದು. ಹಣ್ಣಿಗೆ ಸ್ವೆಟರ್ ಹೆಣೆಯುವ ಕಡ್ಡಿ ಚುಚ್ಚಿ ಓರೆಯಾಗಿ ಹಿಡಿಯುತ್ತೇವೆ. ತೊಟ್ಟಿನ ಪಕ್ಕದಲ್ಲೇ ಒಂದು ಕರಿಮೆಣಸಿನ ಕಾಳು ಒತ್ತಿ ಕೂರಿಸಿದ್ದೇವೆ. ಟಾರ್ಚೇ ಸೂರ್ಯ. ಹಣ್ಣಿನ ತಲೆ ಟಾರ್ಚಿನಿಂದ ಆಚೆಗೆ ವಾಲಿದ್ದಾಗ ಎಷ್ಟು ತಿರುಗಿಸಿದರೂ ಕಾಳಿನ ಮೇಲೆ ಬೆಳಕು ಬೀಳುವುದಿಲ್ಲ. ಓರೆ ಬದಲಿಸದೆ ಹಣ್ಣನ್ನು ಟಾರ್ಚಿನ ಇನ್ನೊಂದು ಬದಿಗೆ ಒಯ್ದು ಟಾರ್ಚನ್ನು ಆ ಕಡೆ ತಿರುಗಿಸಿದರೆ, ಕಾಳಿನ ಮೇಲಿಂದ ಬೆಳಕು ಸರಿಯುವುದೇ ಇಲ್ಲ. (ಓರೆ 23.5 ಡಿಗ್ರಿ ಇರಬೇಕು ಅಂತ ಗೊತ್ತು. ಐದು ವರ್ಷದವರ ಕೈಯಲ್ಲಿ ಅದು 40 ದಾಟುತ್ತೆ, ಏನು ಮಾಡಲಿ.) ಒಬ್ಬಳು ‘ಮಿಸ್, ಮೆಣಸಿಗೆ ಚಳಿ ಆಗಲ್ವಾ?’ ಅಂತ ಕೇಳಿ ಅದಕ್ಕೆ ಹತ್ತಿ ಹೊದಿಸಿದಳು. ಈಗ ಮೆಣಸು ಯಾರಿಗೂ ಕಾಣುತ್ತಿಲ್ಲ.

ಎರಡನೆಯದು ಅರೋರಾ, ಅಂದರೆ ಭೂಮಿಯ ತುದಿಯ ಆಕಾಶದಲ್ಲಿ ಅಲೆಯಾಡುವ ಬಣ್ಣದ ಬೆಳಕು. ಟಾರ್ಚಿಗೆ ಹಸಿರು, ಕೆಂಪು ಜಿಲೇಟಿನ್ ಪೇಪರ್ ಕಟ್ಟಿ, ಇಬ್ಬರು ಹಿಡಿದು ಅಲ್ಲಾಡಿಸುವ ಹಳೆಯ ವೇಲ್ ಮೇಲೆ ಬಿಡುವುದು. ಮಕ್ಕಳು ಇದಕ್ಕೆ ‘ಡಿಸ್ಕೊ’ ಅನ್ನುತ್ತಾರೆ. ಬೋರ್ಡಿನಲ್ಲಿ ಹಾಕುವ ಹಾಗಿಲ್ಲ.

ಪುಸ್ತಕಗಳಲ್ಲಿ ಧ್ರುವಪ್ರಭೆ, ಧ್ರುವರಾತ್ರಿ ನೋಡಿದ್ದೇನೆ. ಆದರೆ ಧ್ರುವ ಅಂದರೆ ನಮ್ಮ ಮಕ್ಕಳಿಗೆ ಸಿನಿಮಾ ಹೀರೊ. ಇನ್ನೊಂದು ತೊಡಕು ಇದೆ. ಸೂರ್ಯ ಎಷ್ಟೋ ದಿನ ಬರಲ್ಲ ಅಂದಾಗ ಒಬ್ಬ, ‘ಗೊತ್ತು ಮಿಸ್, ಕಕ್ಕಡದಲ್ಲೂ ಹಂಗೇ’ ಅಂದ. ಕಕ್ಕಡ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರು ನಮ್ಮದು, ಅವನದು ತಪ್ಪಲ್ಲ. ಅಲ್ಲಿ ಆಕಾಶ ಶುಭ್ರವಾಗಿದ್ದರೂ ಸೂರ್ಯ ಮೇಲೆ ಬರುವುದಿಲ್ಲ ಅನ್ನುವುದನ್ನೇ ನಾವು ತೋರಿಸಬೇಕಿರುವುದು. ಹಾಗಾಗಿ ಮಬ್ಬು, ಮುಸುಕು ಇರುವ ಪದ ಬೇಡ.

ದಯವಿಟ್ಟು ಬೇಗ.
— ಮಡಿಕೇರಿ

*

ಧ್ರುವಪ್ರಭೆ. ಇರುವ ಪದ ಬಿಟ್ಟು ಇಲ್ಲದ್ದನ್ನು ಹುಡುಕುವುದು ಯಾಕೆ? ಧ್ರುವಬೆಳಕು ಅಂತ ಮಾತ್ರ ಬರೆಯಬೇಡಿ. ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಅರಿಸಮಾಸ.
— ಮೈಸೂರು

*

ಮಕ್ಕಳಿಗೆ ಪ್ರಭೆ ಯಾಕೆ ಸಾರ್? ನಾರ್ವೆಯವರು ನೂರ್‌ಲಿಸ್ ಅನ್ನುತ್ತಾರೆ. ನೂರ್ ಅಂದರೆ ಬಡಗು, ಲಿಸ್ ಅಂದರೆ ಬೆಳಕು. ಅವರ ಮನೆಮಾತಿನ ಪದ, ಲ್ಯಾಟಿನ್‌ನಿಂದ ತಂದದ್ದಲ್ಲ. ಫಿನ್‌ಲೆಂಡಿನವರ ರೆವೊನ್‌ತುಲೆತ್ ಅಂದರೆ ನರಿಬೆಂಕಿ. ನರಿ ಹಿಮದ ಮೇಲೆ ಬಾಲ ಬೀಸಿದಾಗ ಕಿಡಿ ಹಾರಿ ಬಾನಿಗೆ ಹೋಯಿತು ಅನ್ನುವ ಕತೆ ಅಲ್ಲಿದೆ. ನಾವೂ ನಮ್ಮ ಬೇರಿನಿಂದಲೇ ಕಟ್ಟಬೇಕು. ಬಡಗಿನದು ಬಡಗುಬೆಳಕು, ತೆಂಕಣದ್ದು ತೆಂಕುಬೆಳಕು. ಸೂರ್ಯ ಹುಟ್ಟದ ಕಾಲಕ್ಕೆ ನಿಡಿರುಳು, ಅಂದರೆ ಉದ್ದದ ಇರುಳು. ಮುಗಿಯಿತು.
— ಬೆಂಗಳೂರು

*

> ಬಡಗುಬೆಳಕು, ತೆಂಕುಬೆಳಕು

ನಮ್ಮ ಕಡೆ ಈ ಬೋರ್ಡ್ ಹಾಕಿದರೆ ಜನ ಯಕ್ಷಗಾನ ಅಂದುಕೊಂಡು ಚೆಂಡೆ ಎಲ್ಲಿ, ಭಾಗವತರು ಯಾರು ಅಂತ ಕೇಳುತ್ತಾರೆ.
— ಸುಳ್ಯ

*

ನಿಡಿರುಳು ಅಲ್ಲ, ನಿಟ್ಟಿರುಳು. ನಿಟ್ಟುಸಿರು, ನಿಟ್ಟೋಟ ನೋಡಿ. ಅಚ್ಚಗನ್ನಡ ಕಟ್ಟುವವರಿಗೆ ಅಚ್ಚಗನ್ನಡದ ಸಂಧಿಯಾದರೂ ಗೊತ್ತಿರಲಿ.
— ಮೈಸೂರು

*

ಥ್ಯಾಂಕ್ಸ್ ಎಲ್ಲರಿಗೂ. ನಿಟ್ಟಿರುಳು ಚೆನ್ನಾಗಿದೆ ಅನ್ನಿಸಿ ಬೆಳಿಗ್ಗೆ ಮಕ್ಕಳ ಮುಂದೆ ಹೇಳಿದೆ. ಮೂರು ಸಲ ಹೇಳಿಸಿದ ಮೇಲೆ ಇಡೀ ಸಾಲು ‘ಈರುಳ್ಳಿ’ ಅಂತ ಕೂಗಿತು. ಈಗ ಕಿತ್ತಳೆ ಬದಲು ಈರುಳ್ಳಿ ಯಾಕೆ ತಂದಿಲ್ಲ ಅಂತ ಕೇಳುತ್ತಿದ್ದಾರೆ.

ನರಿ ಕತೆ ಹೇಳಿದೆ. ಅದು ಹಿಡಿಸಿತು. ಒಬ್ಬ ವೇಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಲ ಬೀಸುತ್ತಿದ್ದಾನೆ.
— ಮಡಿಕೇರಿ

*

ಭಾಷೆ ನಿಮಗೆ ಬಿಟ್ಟದ್ದು. ವಿಷಯದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅದನ್ನು ನೋಡದೆ ಪದ ಆರಿಸುತ್ತಿದ್ದೀರಿ.

‘ಇರುಳು’ ಎಲ್ಲ ಕಡೆ ಹೊಂದುವುದಿಲ್ಲ. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಒಂದಷ್ಟು ಗಂಟೆ ನೀಲಿ ಬೆಳಕು ಇರುತ್ತದೆ, ನಮ್ಮ ನಸುಕಿನ ಹಾಗೆ. ಇನ್ನೂ ಮೇಲೆ, 79 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ನಮ್ಮ ಭಾರತದ್ದೇ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ಇದೆ, 2008ರಲ್ಲಿ ಶುರುವಾಯಿತು. ಅಲ್ಲಿ ಅಕ್ಟೋಬರ್ ಕೊನೆಯಲ್ಲಿ ಹೋದ ಸೂರ್ಯ ಬರುವುದು ಫೆಬ್ರವರಿಯಲ್ಲಿ. ನಡುಚಳಿಗಾಲದಲ್ಲಿ ಮಧ್ಯಾಹ್ನವೂ ಕತ್ತಲೆಯೇ. ಮೊದಲೆಲ್ಲ ನಮ್ಮವರು ಬೇಸಿಗೆಗೆ ಹೋಗಿ ಬರುತ್ತಿದ್ದರು. ಚಳಿಗಾಲದ ಮೊದಲ ತಂಡ ಹೋದದ್ದು 2023ರ ಡಿಸೆಂಬರಿನಲ್ಲಿ.

‘ಧ್ರುವ’ವೂ ಪೂರ್ತಿ ಸರಿಯಲ್ಲ. ಸೂರ್ಯನಿಂದ ಬರುವ ಕಣಗಳು ಭೂಮಿಯ ಕಾಂತದ ಗೆರೆ ಹಿಡಿದು ಇಳಿಯುತ್ತವೆ. ಇಳಿಯುವುದು ಕಾಂತಧ್ರುವದ ನೆತ್ತಿಗಲ್ಲ, ಅದರ ಸುತ್ತ ಬಳೆಯ ಹಾಗೆ. ಗಾಳಿಯ ಆಮ್ಲಜನಕಕ್ಕೆ ಬಡಿದಾಗ ಹಸಿರು, ಇನ್ನೂ ಮೇಲೆ ಕೆಂಪು. ಹಸಿರು 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ, ಕೆಂಪು 200ಕ್ಕಿಂತ ಮೇಲೆ. ಹಾಗಾಗಿ ಅಕ್ಕ, ಆಟದಲ್ಲಿ ಹಸಿರು ಟಾರ್ಚನ್ನು ವೇಲಿನ ಕೆಳಗಂಚಿಗೆ, ಕೆಂಪನ್ನು ಮೇಲಂಚಿಗೆ ಹಿಡಿಸಿ. ಅಷ್ಟಾದರೂ ಸರಿಯಾಗುತ್ತೆ.

2024ರ ಮೇ 10–11ರ ರಾತ್ರಿ ದೊಡ್ಡ ಸೌರಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿ ಕ್ಯಾಮೆರಾಕ್ಕೆ ಸಿಕ್ಕಿತು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಲಡಾಖ್ ಯಾವ ಧ್ರುವ?
— ಕುಶಾಲನಗರ

*

ಬರೀ ‘ಅರೋರಾ’ ಅಂತ ಬಿಡಬಹುದಲ್ಲ? ಅದೇನು ಪರಕೀಯ ಪದವಲ್ಲ. ಲ್ಯಾಟಿನ್ನಿನ ಅರೋರಾ, ಗ್ರೀಕಿನ ಈಓಸ್, ನಮ್ಮ ವೇದದ ಉಷಸ್, ಮೂರೂ ಒಂದೇ ಮೂಲದವು. ಎರಡು ಸ್ವರಗಳ ನಡುವಿನ ‘ಸ’ ಲ್ಯಾಟಿನ್ನಲ್ಲಿ ‘ರ’ ಆಗುತ್ತದೆ, ಅದರಿಂದಲೇ ಗುರುತು ಸಿಗುವುದಿಲ್ಲ. ಮುಂಜಾವಿನ ದೇವತೆ ಅವಳು. ಉತ್ತರದ ಆಕಾಶ ಬೆಳಗಾಗುವ ಹಾಗೆ ಕೆಂಪೇರಿದ್ದಕ್ಕೆ ಆ ಹೆಸರು ಬಿತ್ತು. ಅಷ್ಟೂ ಬೇಡವೆಂದರೆ ‘ಧ್ರುವೋಷೆ’ ಅನ್ನಿ. ಗುಣಸಂಧಿ, ಶುದ್ಧ.
— ಧಾರವಾಡ

*

> ಧ್ರುವೋಷೆ

ಮಕ್ಕಳು ದೋಸೆ ಅನ್ನುತ್ತಾರೆ. ಈರುಳ್ಳಿ ಹೇಗೂ ಬಂದಿದೆ.
— ಸುಳ್ಯ

*

ಧಾರವಾಡದವರು ಉಷಸ್ಸಿನ ನೆಂಟಸ್ತಿಕೆ ತೋರಿಸಿದ ಮಾತ್ರಕ್ಕೆ ಅರೋರಾ ಕನ್ನಡ ಆಗಲಿಲ್ಲ. ನಮ್ಮ ಬೀದಿಯಲ್ಲಿ ಅರೋರಾ ಅಂದರೆ ಪಂಜಾಬಿನ ಅಡ್ಡಹೆಸರು. ಇಂಗ್ಲಿಷಿನವರೂ ಲ್ಯಾಟಿನ್ನಿನಿಂದ ಸಾಲ ತಂದರು, ನಾವು ಆ ಸಾಲದ ಮೇಲೆ ಸಾಲ ಮಾಡುವುದು. ಹೀಗೇ ಹೋದರೆ ನಾಳೆ ಮಳೆಗೂ ‘ರೈನ್’ ಅಂತ ಬರೆಯುತ್ತೇವೆ.
— ಬೆಂಗಳೂರು

*

ಮಳೆಗೆ ರೈನ್ ಅನ್ನುವವರು ಬೆಂಗಳೂರಿನಲ್ಲಿದ್ದಾರೆ, ಕೊಡಗಿನಲ್ಲಿ ಅಲ್ಲ.

ನಾನು ತೋಟದವನು, ವ್ಯಾಕರಣ ಬಾರದು. ನಮ್ಮಲ್ಲಿ ‘ಅರೇಬಿಕಾ ಹೂ ಬಿಟ್ಟಿತು’, ‘ರೋಬಸ್ಟಾ ಕೊಯ್ಲು ತಡ’ ಅಂತ ಓದು ಬಾರದ ಆಳುಗಳೂ ಹೇಳುತ್ತಾರೆ. ಅರೇಬಿಕಾಕ್ಕೆ ಕನ್ನಡ ಪದ ಯಾವುದು ಅಂತ ಇವತ್ತಿಗೂ ಯಾರೂ ಕೇಳಿಲ್ಲ. ಅರೇಬಿಕಾ ಹೊರಳುವ ನಾಲಗೆಗೆ ಅರೋರಾ ಹೊರಳಲ್ವಾ? ಇನ್ನು ಮನೆಯ ಮಾತೇ ಬೇಕು ಅಂದರೆ ನಮ್ಮ ಕೊಡವ ತಕ್ಕಿನ ‘ಬೊಳ್‌ಚ’ ಹಾಕಿ. ಐನ್‌ಮನೆಯ, ಅಂದರೆ ಹಿರಿಯರ ಮನೆಯ, ನೆಲ್ಲಕ್ಕಿಯಲ್ಲಿ (ನಡುಮನೆಯಲ್ಲಿ) ತೂಕ್‌ಬೊಳ್‌ಚ, ಅಂದರೆ ತೂಗುದೀಪ, ನೋಡದ ಮಗು ನಮ್ಮ ಕಡೆ ಕಡಿಮೆ. ಬೆಳಕು, ಬೆಳ್ಳಿ, ಬೊಳ್‌ಚ ಎಲ್ಲ ಒಂದೇ ಬೇರು ಅಂತ ಈ ಪಟ್ಟಿಯಲ್ಲೇ ಯಾರೋ ಬರೆದಿದ್ದರು.
— ಪೊನ್ನಂಪೇಟೆ

*

ಕಾಫಿ ನಮ್ಮಲ್ಲಿರಲಿಲ್ಲ, ಬಂತು, ಹೆಸರೂ ಜೊತೆಗೆ ಬಂತು. ಬೆಳಕು ನಮ್ಮಲ್ಲಿ ಮೊದಲಿನಿಂದ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.
— ಬೆಂಗಳೂರು

*

ಈ ಬೆಳಕು ಇರಲಿಲ್ಲವಲ್ಲ ಸಾರ್.
— ಪೊನ್ನಂಪೇಟೆ

*

ಬೊಳ್‌ಚ ದೀಪ. ತೂಗುಹಾಕಿದ್ದು, ಒಂದೇ ಕಡೆ ಉರಿಯುವುದು. ಅಲೆ ಅಲೆಯಾಗಿ ಹರಿಯುವ ಬೆಳಕಿಗೆ ಅದನ್ನಿಟ್ಟರೆ ಮಕ್ಕಳು ಮೇಲೆ ಯಾರು ಎಣ್ಣೆ ಹಾಕಿದರು ಅಂತ ಕೇಳುತ್ತಾರೆ.

ನಾನು ಬರೆಯಬೇಕೆಂದಿದ್ದು ಬೇರೆ. ಎರಡನೇ ಪದಕ್ಕೆ ಇರುಳು, ರಾತ್ರಿ ಎರಡನ್ನೂ ಬಿಡಿ. ನಮ್ಮಜ್ಜಿ ‘ಹೊತ್ತು ಹುಟ್ಟುವ ಮೊದಲು ಏಳಬೇಕು’ ಅನ್ನುತ್ತಿದ್ದರು. ಹೊತ್ತು ಅಂದರೆ ಸೂರ್ಯನೂ ಹೌದು, ವೇಳೆಯೂ ಹೌದು. ‘ಹೊತ್ತು ಹುಟ್ಟದ ಕಾಲ’ ಅಂದರೆ ಆಯಿತು. ಕತ್ತಲೆ ಎಷ್ಟು ಅಂತ ಹೇಳುವ ಗೋಜಿಲ್ಲ, ಮೋಡವೂ ಇಲ್ಲ. ಟ್ರೊಮ್ಸೊಕ್ಕೂ ಸರಿ, ಹಿಮಾದ್ರಿಗೂ ಸರಿ.
— ಸುಳ್ಯ

*

ಇದು ಮಾತು. ಹಳಗನ್ನಡದ ಪೊೞ್ತು. ತುಳುವಿನ ಪೊರ್ತು, ತಮಿಳಿನ ಪೊೞುದು, ಎಲ್ಲ ಒಂದೇ. ಸೂರ್ಯನನ್ನು ನೋಡಿ ವೇಳೆ ಅಳೆದ ಜನಕ್ಕೆ ಎರಡಕ್ಕೂ ಒಂದೇ ಪದ ಸಾಕಾಯಿತು. ಹೊರು ಧಾತುವಿನ ‘ಹೊತ್ತು’ ಬೇರೆ, ಬೆಂಕಿ ಹೊತ್ತುವ ‘ಹೊತ್ತು’ ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಇನ್ನು ಧ್ರುವದ ಬಗ್ಗೆ. ನಾನು ಬೇಡವೆಂದದ್ದು ಸಮಾಸ. ‘ಧ್ರುವದ ಬೆಳಕು’ ಅಂತ ವಿಭಕ್ತಿ ಇಟ್ಟು ಬಿಡಿಸಿ ಬರೆದರೆ ಯಾರ ತಕರಾರೂ ಇಲ್ಲ. ಕಾಮನ ಬಿಲ್ಲನ್ನು ಹಾಗೆ ತಾನೇ ಉಳಿಸಿಕೊಂಡಿದ್ದೇವೆ? ವ್ಯಾಕರಣಕಾರ ಕೇಶಿರಾಜ ಅರಿಸಮಾಸದಲ್ಲಿ ಬಿರುದುಗಳಿಗೆ ವಿನಾಯಿತಿ ಕೊಟ್ಟ, ಫ್ಲೆಕ್ಸಿಗೆ ಕೊಡಲಿಲ್ಲ.
— ಮೈಸೂರು

*

ಪದ ಕೇಳಿದರೆ ವಾಕ್ಯ ಕೊಡುತ್ತಿದ್ದೀರಿ. ಇದನ್ನು ನಿಘಂಟಿನಲ್ಲಿ ಎಲ್ಲಿ ಹಾಕುವುದು?
— ಬೆಂಗಳೂರು

*

ನಿಘಂಟಿಗಲ್ಲ ಸಾರ್, ಬಾಗಿಲಿಗೆ.

ಕೊನೆಗೆ ಹೀಗೆ ಕಳಿಸಿದೆ. ಕಿತ್ತಳೆಯ ಕಡೆಗೆ ‘ಹೊತ್ತು ಹುಟ್ಟದ ಊರು’. ಕಾಲ ಅಂದರೆ ಮಕ್ಕಳಿಗೆ ಕಾಲು ಅನ್ನಿಸುತ್ತೆ, ಅದಕ್ಕೆ ಊರು. ‘ಹೊತ್ತು’ ಮಕ್ಕಳಿಗೆ ಹೊಸದು. ಅವರಿಗೆ ಗೊತ್ತಿರುವುದು ‘ಎಷ್ಟು ಹೊತ್ತು ಮಿಸ್’ ಮಾತ್ರ. ಆದರೆ ಜೊತೆಗೆ ಬರುವ ಅಜ್ಜಿಯಂದಿರು ಓದಿ ಹೇಳಬಲ್ಲರು. ಇನ್ನೊಂದಕ್ಕೆ ದೊಡ್ಡದಾಗಿ ‘ಅರೋರಾ’, ಕೆಳಗೆ ಸಣ್ಣದಾಗಿ ‘ಧ್ರುವದ ಬೆಳಕು’. ಬೆಂಗಳೂರಿನವರು ಬೈಯಬೇಡಿ. ರೋರಾ ರೋರಾ ಅಂತ ಕೂಗುತ್ತಾ ವೇಲ್ ಅಲ್ಲಾಡಿಸುವುದು ಅವರಿಗೆ ಡಿಸ್ಕೊಗಿಂತ ಜಾಸ್ತಿ ಇಷ್ಟವಾಗಿದೆ. ಹಸಿರು ಕೆಳಗೆ, ಕೆಂಪು ಮೇಲೆ ಮಾಡಿದ್ದೇವೆ. ಕೆಂಪು ಟಾರ್ಚ್ ಹಿಡಿಯುವವನು ಕುರ್ಚಿ ಮೇಲೆ ನಿಲ್ಲಬೇಕು, ಅದಕ್ಕೆ ಜಗಳ.

ಅಂಗಡಿಯಿಂದ ಪ್ರೂಫ್ ಬಂತು. ‘ಹೊತ್ತು ಹುಟ್ಟಿದ ಊರು’ ಅಂತ ಇತ್ತು. ಕೇಳಿದರೆ, ನೀವು ತಪ್ಪು ಬರೆದಿದ್ರಿ ಮೇಡಂ, ಸರಿ ಮಾಡಿದೆ ಅಂದರು. ಅರೋರಾಗೆ, ‘ಇವರದ್ದು ಫೋಟೊ ಕೊಟ್ಟಿಲ್ಲ, ಹೆಸರಿನ ಹಿಂದೆ ಶ್ರೀ ಹಾಕಲಾ, ಶ್ರೀಮತಿ ಹಾಕಲಾ?’ ಅಂದರು. ಎರಡೂ ತೆಗೆಸಿದ್ದೇನೆ.
— ಮಡಿಕೇರಿ

*

ಶ್ರೀಮತಿ ಅನ್ನಬೇಕಿತ್ತು. ಉಷಸ್ ಸ್ತ್ರೀಲಿಂಗ. ಲ್ಯಾಟಿನ್ ರಕಾರದ ವಿಷಯ ಇನ್ನೂ ಮುಗಿದಿಲ್ಲ, ನಾಳೆ ಬರೆಯುತ್ತೇನೆ.
— ಧಾರವಾಡ