ಏರ್‌ಬಾಕ್ಸ್ ತೆಗೆದ ಮೇಲೆ ಅರ್ಧ ಥ್ರಾಟಲ್ ದಾಟಿದರೆ ಗಾಡಿ ಮುಗ್ಗರಿಸುತ್ತಿದೆ

ಸಿಂಗಲ್‌ಸಿಲಿಂಡರ್:
ನಮಸ್ಕಾರ. ನನ್ನ 150 ಸಿಸಿ ಗಾಡಿಯ ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಮುಚ್ಚಿದ ಡಬ್ಬಿ) ತೆಗೆದು ಓಪನ್ ಫಿಲ್ಟರ್ ಹಾಕಿದ್ದೇನೆ. ಸೈಲೆನ್ಸರ್ ಮೊದಲಿನದೇ. ಐಡ್ಲಿಂಗ್ ಚೆನ್ನಾಗಿದೆ. ಅರ್ಧ ಥ್ರಾಟಲ್ ದಾಟುತ್ತಿದ್ದಂತೆ ಮುಗ್ಗರಿಸುತ್ತದೆ, ಪೂರ್ತಿ ತಿರುವಿದರೆ ಎಳೆಯುವುದೇ ಇಲ್ಲ. ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಪಕ್ಕದ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಏನು ಮಾಡಲಿ?

ಹಳೇಸ್ಪ್ಯಾನರ್:
ಆ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೇ ತಂದು ಬಿಟ್ಟುಬಿಡಿ. ಅದರ ಅಧಿಕಾರವೆಲ್ಲ ಐಡ್ಲಿಂಗ್‌ನಿಂದ ಹೆಚ್ಚೆಂದರೆ ಕಾಲು ಥ್ರಾಟಲ್‌ವರೆಗೆ. ಅಲ್ಲಿಂದ ಮುಕ್ಕಾಲಿನವರೆಗೆ ನೀಡಲ್ (ಮೇಲೇರುತ್ತ ಪೆಟ್ರೋಲ್ ದಾರಿ ತೆರೆಯುವ ಸೂಜಿ) ನೋಡಿಕೊಳ್ಳುತ್ತದೆ, ಅದರಾಚೆ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಮುಖ್ಯ ತೂತಿನ ತುಣುಕು. ನಿಮ್ಮ ತೊಂದರೆ ಇರುವುದು ಈ ಎರಡರಲ್ಲಿ.

ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 1 ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕು. ಜೋರಾಗಿ ಎಳೆಯುವಾಗ ಎಂಜಿನ್ ಇನ್ನೂ ಜಾಸ್ತಿ ಪೆಟ್ರೋಲ್ ಕೇಳುತ್ತದೆ, 1ಕ್ಕೆ 12.5ರಿಂದ 13ರ ಹತ್ತಿರ. ಓಪನ್ ಫಿಲ್ಟರ್‌ನಲ್ಲಿ ಗಾಳಿಗೆ ತಡೆ ಕಡಿಮೆ. ಜೆಟ್ ಮೇಲೆ ಬೀಳುವ ಸೆಳೆತವೂ ಅಷ್ಟೇ ಕಡಿಮೆ, ಪೆಟ್ರೋಲ್ ಸಾಕಷ್ಟು ಮೇಲೇಳುವುದಿಲ್ಲ. ಹಾಗಾಗಿ ಲೀನ್ ಆಗಿರಬೇಕು, ಅಂದರೆ ಗಾಳಿಗೆ ಪೆಟ್ರೋಲ್ ಸಾಲದು. ಆದರೂ ಊಹೆ ಮೇಲೆ ಜೆಟ್ ಬದಲಿಸಬೇಡಿ. ಗಾಡಿ ಮುಗ್ಗರಿಸುವಾಗ ಚೋಕ್ ಸ್ವಲ್ಪವೇ ಎಳೆದು ನೋಡಿ, ಅದು ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಸುಧಾರಿಸಿದರೆ ಲೀನ್, ಇನ್ನೂ ಕೆಟ್ಟರೆ ರಿಚ್ (ಪೆಟ್ರೋಲ್ ಜಾಸ್ತಿ).

ಜೆಟ್‌ಗಂಟು:
ಅದಕ್ಕೂ ಮೊದಲು ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಫಿಲ್ಟರ್ ಹಾಕುವಾಗ ಕಾರ್ಬುರೇಟರ್ ಅಲುಗಾಡಿಸಿರುತ್ತೀರಿ, ಅಲ್ವಾ? ಕ್ಲಾಂಪ್ ಸಡಿಲವಿದ್ದರೂ ಗಾಳಿ ನುಗ್ಗುತ್ತದೆ. ಆಗ ಯಾವ ಜೆಟ್ ಹಾಕಿದರೂ ಸುಮ್ನೆ ಕೆಲಸ.

ಸಿಂಗಲ್‌ಸಿಲಿಂಡರ್:
ರಬ್ಬರ್, ಕ್ಲಾಂಪ್ ಸರಿಯಾಗಿವೆ. ಚೋಕ್ ಎಳೆದರೆ ಮುಗ್ಗರಿಸುವುದು ನಿಲ್ಲುತ್ತದೆ! ಆದರೆ ನನ್ನ ನೀಡಲ್ ಮೇಲೆ, ಅದನ್ನು ಏರಿಸಿ ಇಳಿಸಲು ಕ್ಲಿಪ್ ಕೂರಿಸುವ ಗೀರುಗಳೇ ಇಲ್ಲ. ಕಾರ್ಬುರೇಟರ್ ಒಳಗೆ ರಬ್ಬರ್ ಡಯಾಫ್ರಂ (ತೆಳು ಪೊರೆ) ಇದೆ.

ಹಳೇಸ್ಪ್ಯಾನರ್:
ಹಾಗಾದರೆ ಲೀನ್ ಖಚಿತ. ಜೆಟ್ ಬರುವವರೆಗೆ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಬೇಡಿ. ಲೀನ್ ಆದ ಎಂಜಿನ್ ವಿಪರೀತ ಕಾಯುತ್ತದೆ, ಪಿಸ್ಟನ್‌ಗೆ ಕುತ್ತು.

ಮೊದಲು ಮೇನ್ ಜೆಟ್. ಈಗಿನದರ ನಂಬರ್ ಬರೆದಿಟ್ಟುಕೊಂಡು ಅದೇ ಕಂಪನಿಯದರಲ್ಲಿ ಒಂದೊಂದೇ ಸೈಜ್ ಮೇಲೇರಿ. ಒಂದು ಕಂಪನಿಯ ನಂಬರ್ ಇನ್ನೊಂದಕ್ಕೆ ಹೊಂದುವುದಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ತಡೆಯಿಲ್ಲದೆ ಎಳೆದರೆ ಅಲ್ಲಿಗೆ ನಿಲ್ಲಿಸಿ. ಆಮೇಲೂ ಅರ್ಧದಲ್ಲಿ ಮುಗ್ಗರಿಸಿದರೆ ನೀಡಲ್ ತಲೆಯ ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ವಾಷರ್ ಹಾಕಿ. ನೀಡಲ್ ಅಷ್ಟು ಮೇಲೇರುತ್ತದೆ, ಪೆಟ್ರೋಲ್ ದಾರಿ ಅಗಲವಾಗುತ್ತದೆ. ನೀವು ಹೇಳಿದ ಆ ಪಕ್ಕದ ಸ್ಕ್ರೂ ಕೊನೆಗೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ಸ್ಕ್ರೂ ಎಂಜಿನ್ ಕಡೆಗಿದ್ದರೆ ಹೊರಗೆ ತಿರುಗಿಸಿದಂತೆ ರಿಚ್, ಫಿಲ್ಟರ್ ಕಡೆಗಿದ್ದರೆ ಸಾಮಾನ್ಯವಾಗಿ ಅದರ ತಿರುಗುಮುರುಗು.

ಥ್ರಾಟಲ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಳ್ಳಿ. ಓಡಿಸುವಾಗ ಅರ್ಧ ಎಂದು ನಮಗೆ ಅನಿಸಿದ್ದು ಎಷ್ಟೋ ಸಲ ಕಾಲೇ ಆಗಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಯವಿಟ್ಟು.

ಇನ್ನೊಂದು ಮಾತು. ಡಯಾಫ್ರಂ ಇರುವ ಕಾರ್ಬುರೇಟರ್‌ಗೆ ಏರ್‌ಬಾಕ್ಸ್‌ನೊಳಗಿನ ನೆಮ್ಮದಿಯ ಗಾಳಿ ಬೇಕು. ಓಪನ್ ಫಿಲ್ಟರ್‌ಗೆ ಅಡ್ಡಗಾಳಿ ಬಡಿದರೆ ಒಳಗೆ ನೀಡಲ್ ಹೊತ್ತು ಮೇಲೆ ಕೆಳಗೆ ಜಾರುವ ಸ್ಲೈಡ್ ನಡುಗುತ್ತದೆ. ಎಲ್ಲ ಸರಿಮಾಡಿದ ಮೇಲೂ ಗಾಳಿ ಬೀಸಿದಾಗ ಗಾಡಿ ತಡವರಿಸಿದರೆ, ಏರ್‌ಬಾಕ್ಸ್ ವಾಪಸ್ ಹಾಕಿ, ಹಳೇ ಜೆಟ್ಟೂ ಜೊತೆಗೆ.

ಸಿಂಗಲ್‌ಸಿಲಿಂಡರ್:
ಧನ್ಯವಾದ ಸರ್. ಏರ್‌ಬಾಕ್ಸ್ ಇನ್ನೂ ಮನೆಯಲ್ಲೇ ಇದೆ. ಮೊದಲು ಮೇನ್ ಜೆಟ್ ತರುತ್ತೇನೆ.