ಅಪ್‌ಡೇಟ್: ಆಫೀಸಿನ ಸೀಕ್ರೆಟ್ ಸಾಂತಾಗೆ ಚೀಟಿ ಬದಲು ಚಕ್ರ

ಕೇಳಿದ್ದು ಇಷ್ಟು: ತಂಡದಲ್ಲಿ 23 ಜನ, ಅವರಲ್ಲಿ 6 ಮಂದಿ ಬೆಂಗಳೂರಿನ ಹೊರಗೆ ಮನೆಯಿಂದಲೇ ಕೆಲಸ. ಕ್ರಿಸ್‌ಮಸ್ ಉಡುಗೊರೆಯನ್ನು ಗುಟ್ಟಾಗಿ ಒಬ್ಬರು ಇನ್ನೊಬ್ಬರಿಗೆ ಕೊಡುವ ಈ ಆಟಕ್ಕೆ ಹೆಸರು ಹಂಚುವುದು ಹೇಗೆ?

ಚೀಟಿ ಎತ್ತುವುದನ್ನು ಕೈಬಿಟ್ಟಾಯಿತು. ಗುಂಪು ಎಷ್ಟೇ ದೊಡ್ಡದಿರಲಿ, 100 ಸಲ ಎತ್ತಿದರೆ ಸುಮಾರು 63 ಸಲ ಯಾರಿಗಾದರೂ ಒಬ್ಬರಿಗೆ ಅವರದೇ ಹೆಸರು ಬಂದೇ ಬರುತ್ತದೆ, ಮತ್ತೆ ಮೊದಲಿಂದ ಶುರು! ಬದಲಿಗೆ ಚಕ್ರ: ಎಕ್ಸೆಲ್‌ನಲ್ಲಿ ಹೆಸರುಗಳ ಪಕ್ಕ ರ್‍ಯಾಂಡ್ ಸೂತ್ರ (ಮನಬಂದಂತೆ ಒಂದು ಸಂಖ್ಯೆ ಕೊಡುವ RAND) ಹಾಕಿ, ಆ ಕಾಲಮ್ಮಿನ ಪ್ರಕಾರ ಸಾರ್ಟ್ ಮಾಡಿ. ಪ್ರತಿಯೊಬ್ಬರೂ ತಮ್ಮ ಕೆಳಗಿನವರಿಗೆ, ಕೊನೆಯವರು ಮೊದಲನೆಯವರಿಗೆ ಕೊಡಬೇಕು. ಸಾರ್ಟ್ ಆದಮೇಲೆ ಪಟ್ಟಿಯನ್ನು ಬೇರೆ ಶೀಟಿಗೆ ಕಾಪಿ ಮಾಡಿಡಿ. ರ್‍ಯಾಂಡ್ ಸಂಖ್ಯೆಗಳು ಪ್ರತಿ ಸಲ ಬದಲಾಗುತ್ತವೆ, ಕೈತಪ್ಪಿ ಇನ್ನೊಮ್ಮೆ ಸಾರ್ಟ್ ಒತ್ತಿದರೆ ಜೋಡಿಗಳೆಲ್ಲ ಕಲಸುಮೇಲೋಗರ.

ಚಕ್ರದ ನಿಜವಾದ ಲಾಭ ಗೊತ್ತಾಗುವುದು ಯಾರಾದರೂ ನಡುವೆ ಬಿಟ್ಟುಹೋದಾಗ. ಅವರ ಮೇಲಿನವರು ಕೆಳಗಿನವರಿಗೆ ಕೊಟ್ಟರಾಯಿತು, ಒಬ್ಬರಿಗೆ ಮಾತ್ರ ಮೆಸೇಜ್ ಸಾಕು. ಒಂದೇ ತೊಂದರೆ, ಪಟ್ಟಿ ಮಾಡಿದವರಿಗೆ ಎಲ್ಲರ ಗುಟ್ಟೂ ಗೊತ್ತು. ಹಾಗಾಗಿ ಆಟದಲ್ಲಿಲ್ಲದ ಎಚ್‌ಆರ್ ಒಬ್ಬರಿಂದ ಮಾಡಿಸುವುದು ವಾಸಿ.

ಬಜೆಟ್ಟಿಗೆ "500ರ ಒಳಗೆ" ಅನ್ನಬೇಡಿ. ಒಬ್ಬರು 150ಕ್ಕೆ ಮುಗಿಸುತ್ತಾರೆ. "400ರಿಂದ 500, ಕೊರಿಯರ್ ಬಿಟ್ಟು" ಎಂದು ಬರೆಯಿರಿ. ಹೊರಗಿನವರಿಗೆ ಡಿಸೆಂಬರ್ 15ರೊಳಗೆ ಪಾರ್ಸಲ್ ಹೊರಡಲಿ. ಸೆಂಟ್ ಬಾಟಲಿ ಬೇಡ, ಬೇಗ ಉರಿಯುವ ದ್ರವವೆಂದು ವಿಮಾನದ ಕೊರಿಯರ್‌ನಲ್ಲಿ ತಡೆಯುತ್ತಾರೆ. ಕೇಕ್ ಆದರೆ ಎಗ್‌ಲೆಸ್. ಮರೆತು ಬಂದವರಿಗಾಗಿ ಎರಡು ಉಡುಗೊರೆ ಹೆಚ್ಚಿಗೆ ಇಟ್ಟಿರಿ.